ಇಪ್ಪತ್ತು ಅಂಕ ಯಾರ ಮಾತು?



ಮಂಗಳೂರಿನ ಜೆಪ್ಪುವಿನಲ್ಲಿ ನಡೆಯುವ ಈ ಉಪನ್ಯಾಸಕ್ಕೆ ದತ್ತಿ ಇಟ್ಟವರು ಒಬ್ಬ ನಿವೃತ್ತ ಅಧ್ಯಾಪಿಕೆ. ತಮ್ಮ ಹೆಸರನ್ನು ಎಲ್ಲಿಯೂ ಹೇಳಬಾರದು, ಹಾರ ತುರಾಯಿ ಬೇಡ, ವರ್ಷಕ್ಕೊಮ್ಮೆ ಒಬ್ಬರು ಶಾಲೆಯ ಬಗ್ಗೆ ಮನಸ್ಸು ಬಿಚ್ಚಿ ಮಾತಾಡಿದರೆ ಸಾಕು ಎಂಬುದು ಅವರು ಹಾಕಿದ ಷರತ್ತು. ಹೆಸರು ಹೇಳುವುದಿಲ್ಲ. ಮನಸ್ಸು ಬಿಚ್ಚುವ ಷರತ್ತನ್ನು ಪಾಲಿಸುವುದಕ್ಕಾಗಿಯೇ ಈ ವಿಷಯವನ್ನು ಆರಿಸಿಕೊಂಡೆ: ಶಾಲೆಯಲ್ಲಿ ವರ್ಷವಿಡೀ ಮಾಡಿದ ಕೆಲಸಕ್ಕೆ ಕೊಡುವ ಅಂಕ, ನಾವೆಲ್ಲ ಬಾಯಿತುಂಬ 'ಇಂಟರ್ನಲ್' ಎನ್ನುವ ಅಂಕ, ಕೊನೆಯ ಮಾರ್ಕ್ಸ್ ಕಾರ್ಡಿನಲ್ಲಿ ಏನು ಮಾಡುತ್ತದೆ? ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸಮಾಜ ವಿಜ್ಞಾನ ಕಲಿಸಿದವನು ನಾನು. ಆ ಅಂಕ ಹಾಕಿದ ಕೈ ನನ್ನದೂ ಹೌದು.

ಮೊದಲು ಲೆಕ್ಕ. ಎಸ್.ಎಸ್.ಎಲ್.ಸಿ.ಯ ಒಟ್ಟು 625 ಅಂಕ ಎಲ್ಲರಿಗೂ ಬಾಯಿಪಾಠ. ಫಲಿತಾಂಶದ ದಿನ ಮೋರ್ಗನ್ಸ್ ಗೇಟಿನ ಬಸ್‌ಸ್ಟಾಪಿನಲ್ಲಿ ನಿಂತರೂ ಕೇಳುವುದು ಅದೇ ಸಂಖ್ಯೆ. ಅದರೊಳಗೆ ಪ್ರಥಮ ಭಾಷೆಗೆ 125. ಅದರಲ್ಲಿ ಲಿಖಿತ ಪರೀಕ್ಷೆಗೆ 100, ಆಂತರಿಕ 25. ಉಳಿದ ಐದು ವಿಷಯಗಳಿಗೆ ತಲಾ 100. ಅವುಗಳಲ್ಲಿ ಲಿಖಿತ 80, ಆಂತರಿಕ 20. ಆಂತರಿಕ ಅಂಕಗಳನ್ನು ಮಾತ್ರ ಕೂಡಿಸಿ ನೋಡಿ: 25ಕ್ಕೆ ಐದು ಇಪ್ಪತ್ತು ಸೇರಿದರೆ 125. ಒಟ್ಟಿನ ಐದನೇ ಒಂದು ಪಾಲು, ಒಂದು ಇಡೀ ಪ್ರಥಮ ಭಾಷೆಯ ತೂಕ, ಪರೀಕ್ಷಾ ಕೊಠಡಿಯ ಹೊರಗೆ ಹುಟ್ಟುತ್ತದೆ. ಪರೀಕ್ಷೆಯ ಒಳಗೆ ನಡೆಯುವುದಕ್ಕೆ ಈಗ ಕ್ಯಾಮೆರಾ ಇದೆ, ವೆಬ್‌ಕಾಸ್ಟಿಂಗ್ ಇದೆ, ಬೇರೆ ಶಾಲೆಯಿಂದ ಬಂದ ಮೇಲ್ವಿಚಾರಕರಿದ್ದಾರೆ. ಈ 125 ಅಂಕದ ಹತ್ತಿರ ಇರುವುದು ಒಬ್ಬ ಅಧ್ಯಾಪಕ, ಒಂದು ಪೆನ್ನು.

2016ರ ನವೆಂಬರ್ ತಿಂಗಳು. ಹತ್ತನೇ ತರಗತಿಗೆ ಒಂದು ಚಟುವಟಿಕೆ ಕೊಟ್ಟಿದ್ದೆ: ನಮ್ಮೂರಿನ ಒಂದು ಜಲಮೂಲದ ಬಗ್ಗೆ ನೋಡಿ ಬರೆಯಿರಿ. ನಲವತ್ತಕ್ಕೂ ಹೆಚ್ಚು ಪುಸ್ತಕಗಳು ಬಂದವು. ಹೆಚ್ಚಿನವು ಒಂದೇ ಅಚ್ಚಿನವು. ಬಣ್ಣದ ರಟ್ಟು, ಅಂಗಡಿಯಲ್ಲಿ ಸಿಗುವ ಚಿತ್ರದ ಹಾಳೆಯಿಂದ ಕತ್ತರಿಸಿ ಅಂಟಿಸಿದ ಜಲಪಾತ, ಸೈಬರಿನಲ್ಲಿ ಪ್ರಿಂಟ್ ತೆಗೆದ ನಾಲ್ಕು ಪುಟ, ಕೊನೆಯಲ್ಲಿ 'ಜಲವೇ ಜೀವನ'. ಅವುಗಳ ನಡುವೆ ಒಬ್ಬ ಹುಡುಗನ ಇನ್ನೂರು ಪುಟದ ಹಳೆಯ ನೋಟ್‌ಬುಕ್ ಇತ್ತು. ಮುಂದಿನ ಅರ್ಧದಲ್ಲಿ ಅವನ ಅಕ್ಕನ ಗಣಿತದ ಲೆಕ್ಕ, ಹಿಂದಿನಿಂದ ತಿರುಗಿಸಿದರೆ ಇವನ ಕೆಲಸ.

ಹುಡುಗನ ಮನೆ ನೇತ್ರಾವತಿಯ ಬದಿಯಲ್ಲಿ. ಅಲ್ಲೊಂದು ಹಳೆಯ ಕಡವು, ಕಲ್ಲಿನ ಮೆಟ್ಟಿಲು. ಅವನು ದಿನಾ ಶಾಲೆ ಬಿಟ್ಟು ಸಂಜೆ ಐದೂವರೆಗೆ ಅಲ್ಲಿಗೆ ಹೋಗಿ, ನೀರು ಎಷ್ಟನೇ ಮೆಟ್ಟಿಲಿನಲ್ಲಿ ಇದೆ ಎಂದು ನೋಡಿ ಬರೆದಿದ್ದ. ಮೆಟ್ಟಿಲಿನ ಎತ್ತರವನ್ನು ಸ್ಕೇಲ್ ಇಟ್ಟು ಅಳೆದಿದ್ದ. ಹದಿನೈದು ದಿನಗಳ ಪಟ್ಟಿ, ಪೆನ್ಸಿಲಿನಲ್ಲಿ ಎಳೆದ ಗೆರೆಗಳು. ಕೆಳಗೆ ಅವನದೇ ವಾಕ್ಯ: ದಿನಾ ಒಂದೇ ಹೊತ್ತಿಗೆ ಹೋದರೂ ನೀರು ಒಂದೇ ಕಡೆ ಇರುವುದಿಲ್ಲ, ಮೊದಲ ದಿನ ಇದ್ದಲ್ಲಿಗೆ ಹದಿನೈದನೇ ದಿನ ಪುನಃ ಬಂತು. ಉಬ್ಬರ ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತ ಹೋಗುತ್ತದೆ. ಹಾಗಾಗಿ ಒಂದೇ ಗಂಟೆಗೆ ನೋಡುವವನಿಗೆ ಎರಡು ವಾರದ ಸುಮಾರಿಗೆ ನೀರು ಮೊದಲಿನ ಜಾಗಕ್ಕೇ ಬಂದಂತೆ ಕಾಣುತ್ತದೆ. ಇದು ನಮ್ಮ ಪಠ್ಯದಲ್ಲಿ ಇರಲಿಲ್ಲ. ಅವನು ಕಣ್ಣಿನಿಂದ ಕಂಡುಕೊಂಡದ್ದು. ಪಟ್ಟಿಯಲ್ಲಿ ಹನ್ನೊಂದನೇ ದಿನದ ಸಾಲು ಮಾತ್ರ ಖಾಲಿ. ಅಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದ: 'ಅಮ್ಮನಿಗೆ ಜ್ವರ. ಹೋಗಲಿಲ್ಲ.'

"ಎಂತದಾ ಇದು, ಒಂದು ದಿನದ್ದು ಬಿಟ್ಟದ್ದು?" ಎಂದೆ.

"ಹೋಗದೆ ಹೇಗೆ ಬರೆಯುವುದು ಸರ್?" ಎಂದ.

ಚಟುವಟಿಕೆಗೆ 15 ಅಂಕ. ಪಟ್ಟಿ ಪೂರ್ತಿ ಇಲ್ಲವೆಂದು ಎರಡು ಕಳೆದು 13 ಹಾಕಿದೆ. ರಟ್ಟು ಹಾಕಿ, ಜಲಪಾತ ಅಂಟಿಸಿ ತಂದವರಿಗೆ ನೀಟಾಗಿದೆ ಎಂದು 14, 15 ಹಾಕಿದೆ. ಅದು ಆ ದಿನದ ತಪ್ಪು. ಅದಕ್ಕಿಂತ ದೊಡ್ಡ ತಪ್ಪು ಫೆಬ್ರವರಿಯಲ್ಲಿ ಆಯಿತು.

ಆ ಅಂಕ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದನ್ನು ತಂದೆ ತಾಯಂದಿರಿಗಾಗಿ ಬಿಡಿಸಿ ಹೇಳಬೇಕು. ಹತ್ತನೇ ತರಗತಿಯಲ್ಲಿ ವರ್ಷಕ್ಕೆ ನಾಲ್ಕು ರೂಪಣಾತ್ಮಕ ಮೌಲ್ಯಮಾಪನ. ಶಿಕ್ಷಕರ ಕೋಣೆಯಲ್ಲಿ ಆ ಉದ್ದದ ಹೆಸರನ್ನು ಯಾರೂ ಹೇಳುವುದಿಲ್ಲ, ಎಫ್‌ಎ ಒಂದು, ಎಫ್‌ಎ ಎರಡು ಎನ್ನುತ್ತಾರೆ. ನಾನು ಮಾಡಿದ ಲೆಕ್ಕದಲ್ಲಿ ಒಂದೊಂದು ಎಫ್‌ಎಗೆ 50 ಅಂಕ: ಎರಡು ಚಟುವಟಿಕೆಗಳಿಗೆ ಹದಿನೈದು ಹದಿನೈದು, ಒಂದು ಕಿರುಪರೀಕ್ಷೆಗೆ ಇಪ್ಪತ್ತು. ನಾಲ್ಕೂ ಸೇರಿ 200. ಅದನ್ನು 20ಕ್ಕೆ ಇಳಿಸುತ್ತೇವೆ, ಪ್ರಥಮ ಭಾಷೆಗಾದರೆ 25ಕ್ಕೆ. ಎಂದರೆ ಶಾಲೆಯಲ್ಲಿ ಗಳಿಸಿದ ಹತ್ತು ಅಂಕ ಮಾರ್ಕ್ಸ್ ಕಾರ್ಡಿಗೆ ಬರುವಾಗ ಒಂದು ಅಂಕವಾಗುತ್ತದೆ. 186 ತೆಗೆದ ಮಗುವಿಗೂ 194 ತೆಗೆದ ಮಗುವಿಗೂ 19. ಇಡೀ ವರ್ಷದ ವ್ಯತ್ಯಾಸ ಆ ಇಳಿಸುವಿಕೆಯಲ್ಲಿ ಕರಗಿಹೋಗುತ್ತದೆ. ಹಾಗೆ ಕರಗಿ ಉಳಿದ ಅಷ್ಟಿಷ್ಟನ್ನು ನಾವು ಕೈಯಾರೆ ಅಳಿಸುತ್ತೇವೆ.

ಫೆಬ್ರವರಿಯಲ್ಲಿ ಆಂತರಿಕ ಅಂಕಗಳನ್ನು ಪರೀಕ್ಷಾ ಮಂಡಳಿಗೆ ಆನ್‌ಲೈನಿನಲ್ಲಿ ಕಳಿಸುವ ಗಡುವು ಬಂತು. ಒಂದು ಸಭೆ. ಅಲ್ಲಿ ಬಂದ ಪ್ರಶ್ನೆ ಒಂದೇ: ಪಕ್ಕದ ಶಾಲೆಯವರು ಎಲ್ಲರಿಗೂ ಪೂರ್ತಿ ಕೊಡುವಾಗ ನಮ್ಮ ಮಕ್ಕಳು ಮಾತ್ರ ಯಾಕೆ ಕಳೆದುಕೊಳ್ಳಬೇಕು? ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈ ಹೊತ್ತಿಗೂ ಸುಲಭದ ಉತ್ತರ ಇಲ್ಲ. ಆ ಸಂಜೆ ಕುಳಿತು ಲೆಕ್ಕವನ್ನು ತಲೆಕೆಳಗು ಮಾಡಿದೆವು. ಮೊದಲು 20 ಎಂದು ಬರೆಯುವುದು, ಆಮೇಲೆ ಅದನ್ನು 200ರ ಹತ್ತಿರದ ಒಂದು ಮೊತ್ತ ಮಾಡುವುದು, ಆಮೇಲೆ ಅದನ್ನು 48, 49, 50, 50 ಎಂದು ನಾಲ್ಕು ಎಫ್‌ಎಗಳಿಗೆ ಹಂಚುವುದು. ಹುಡುಗನ 13, ರಿಜಿಸ್ಟರಿನಲ್ಲಿ 15 ಆಯಿತು. ಹೆಚ್ಚಾಯಿತಲ್ಲ, ಇದರಲ್ಲಿ ಅನ್ಯಾಯ ಎಲ್ಲಿ ಎಂದು ನೀವು ಕೇಳಬಹುದು. ಅವನಿಗೆ 15 ಸಿಗಲೇಬೇಕಿತ್ತು. ಆದರೆ ಅದು ಅವನ ಹದಿನಾಲ್ಕು ಸಂಜೆಗಳಿಗಾಗಿ ಸಿಕ್ಕಿದ್ದಲ್ಲ, ಎಲ್ಲರೊಂದಿಗೆ ಹರಿದುಬಂದದ್ದು. ಮಾರ್ಚ್-ಏಪ್ರಿಲಿನ ಪರೀಕ್ಷೆಯಲ್ಲಿ ಅವನಿಗೆ ನನ್ನ ವಿಷಯದಲ್ಲಿ 80ಕ್ಕೆ 43. ಮಾರ್ಕ್ಸ್ ಕಾರ್ಡಿನಲ್ಲಿ 63. ಅವನೊಬ್ಬನಿಗೇ ಬರುವ ಒಂದು ಕೆಲಸ ಇತ್ತು, ಅದನ್ನು ನೋಡಿದವನು ನಾನೊಬ್ಬನೇ, ಹೇಳಲು ನನಗೆ ಸರಕಾರ ಇಪ್ಪತ್ತು ಅಂಕದ ಜಾಗ ಕೊಟ್ಟಿತ್ತು. ಆ ಜಾಗದಲ್ಲಿ ನಾನು ಏನೂ ಹೇಳಲಿಲ್ಲ.

ಎಲ್ಲರಿಗೂ ಒಂದೇ ಅಂಕ ಕೊಟ್ಟರೆ ಆ ಅಂಕದ ತೂಕ ಎಷ್ಟು? ಕಾಗದದ ಮೇಲೆ ನೂರಕ್ಕೆ ಇಪ್ಪತ್ತು. ಆದರೆ ಒಬ್ಬರಿಗಿಂತ ಇನ್ನೊಬ್ಬರು ಹೇಗೆ ಭಿನ್ನ ಎಂದು ಹೇಳುವ ಕೆಲಸದಲ್ಲಿ ಅದರ ತೂಕ ಸೊನ್ನೆ. ಮೂವತ್ತು ಮಂದಿಗೂ 20 ಇದ್ದರೆ ಅವರ ಸಾಲಿನ ಹಿಂದುಮುಂದನ್ನು ನಿರ್ಧರಿಸುವುದು 80 ಅಂಕದ ಪರೀಕ್ಷೆ ಮಾತ್ರ. ಒಂದು ಅಂಕ ಮೊತ್ತದೊಳಗೆ ಎಷ್ಟು ಕೆಲಸ ಮಾಡುತ್ತದೆ ಎಂಬುದು ಅದಕ್ಕೆ ನಿಗದಿ ಮಾಡಿದ ಗರಿಷ್ಠದಿಂದ ಬರುವುದಿಲ್ಲ, ಅದು ಮಕ್ಕಳ ನಡುವೆ ಎಷ್ಟು ಹರಡಿಕೊಂಡಿದೆ ಎಂಬುದರಿಂದ ಬರುತ್ತದೆ. ಇದನ್ನು ಅರ್ಥಮಾಡಿಕೊಳ್ಳದೆ ಆಂತರಿಕಕ್ಕೆ 20 ಇರಬೇಕೇ, 30 ಇರಬೇಕೇ, 40 ಇರಬೇಕೇ ಎಂದು ಚರ್ಚಿಸುವುದು ವ್ಯರ್ಥ. ಎಲ್ಲರಿಗೂ ಪೂರ್ತಿ ಕೊಡುವುದಾದರೆ 40 ಇಟ್ಟರೂ ಅದು ಮಾತಾಡುವುದಿಲ್ಲ.

ಮೇಲಿನವರಿಗೆ ಹೀಗೆ ಮೂಕವಾದ ಅಂಕ, ಕೆಳಗಿನ ಗೆರೆಯ ಹತ್ತಿರ ಮಾತ್ರ ಭಾರಿ ಬಲಶಾಲಿ. ಹಿಂದೆ ಪಾಸಾಗಲು ಲಿಖಿತ ಪರೀಕ್ಷೆಯಲ್ಲೇ 80ಕ್ಕೆ 28 ಬೇಕಿತ್ತು. ಆಂತರಿಕ 20 ಇದ್ದರೂ ಆ ಬಾಗಿಲನ್ನು ಮಗು ತಾನೇ ದಾಟಬೇಕಿತ್ತು. 2025-26ರ ಸಾಲಿನಿಂದ ನಿಯಮ ಬದಲಾಗಿದೆ. ಲಿಖಿತ, ಆಂತರಿಕ ಎರಡೂ ಸೇರಿ ಪ್ರತಿ ವಿಷಯದಲ್ಲಿ ಶೇ 30, ಒಟ್ಟಾರೆ ಶೇ 33, ಅಂದರೆ 625ಕ್ಕೆ 206 ಬಂದರೆ ಪಾಸು. ಈಗ ಲೆಕ್ಕ ಹಾಕಿ. ಆಂತರಿಕದಲ್ಲಿ 20 ಇರುವ ಮಗುವಿಗೆ ಒಂದು ವಿಷಯ ದಾಟಲು ಲಿಖಿತದಲ್ಲಿ ಬೇಕಾದದ್ದು 80ಕ್ಕೆ 10. ಆರೂ ವಿಷಯಗಳಲ್ಲಿ ಪೂರ್ತಿ ಆಂತರಿಕ ಇದ್ದರೆ 125 ಕೈಯಲ್ಲೇ ಇದೆ. 206ಕ್ಕೆ ಬೇಕಾದ ಉಳಿದ 81ನ್ನು 500 ಅಂಕದ ಬರವಣಿಗೆಯಲ್ಲಿ ಗಳಿಸಿದರೆ ಸಾಕು. ಈ ನಿಯಮದ ವಿರುದ್ಧ ಮಾತಾಡಲು ನಾನು ಬಂದವನಲ್ಲ. ಫೇಲಾದ ಮಗು ಮರುವರ್ಷ ಮೀನಿನ ದಕ್ಕೆಗೋ ಗ್ಯಾರೇಜಿಗೋ ಹೋಗಿ ಅಲ್ಲೇ ಉಳಿದದ್ದನ್ನು ನಾನು ಎಷ್ಟೋ ಕಂಡಿದ್ದೇನೆ. ಅಂಥ ಮಗುವಿಗೆ ಪಿಯುಸಿಯ, ಐಟಿಐಯ ಬಾಗಿಲು ತೆರೆದಿದ್ದರೆ ಒಳ್ಳೆಯದೇ. ನಾನು ಹೇಳುವುದು ಇಷ್ಟು: ಹೊಸ ನಿಯಮದಿಂದ ಅಧ್ಯಾಪಕನ ಪೆನ್ನಿನ ಬಲ ಹೆಚ್ಚಾಗಿದೆ. ಬಲ ಹೆಚ್ಚಾದ ಪೆನ್ನು ಮೊದಲಿಗಿಂತ ಹೆಚ್ಚು ಸತ್ಯವಾಗಿರಬೇಕು. ಇಲ್ಲದಿದ್ದರೆ 20 ಆಂತರಿಕ, 10 ಲಿಖಿತ ಎಂದು ಬರೆದ ಮಾರ್ಕ್ಸ್ ಕಾರ್ಡು ಮಗುವಿನ ಕೈಗೆ ಬರುತ್ತದೆ. ಅದನ್ನು ನೋಡಿದ ಯಾರಿಗೂ ಎರಡರಲ್ಲಿ ಯಾವುದನ್ನು ನಂಬಬೇಕು ಎಂದು ತಿಳಿಯುವುದಿಲ್ಲ.

ಇದೇ ಕಥೆ ನಮ್ಮಿಂದ ಹೆಚ್ಚು ದೂರವೇನಿಲ್ಲದ ತಲಪಾಡಿ ಗಡಿಯ ಆಚೆ ಬೇರೆ ರೂಪದಲ್ಲಿ ನಡೆಯುತ್ತಿದೆ. ಮಂಜೇಶ್ವರ, ಕುಂಬಳೆಯ ಕನ್ನಡ ಮಾಧ್ಯಮದ ಮಕ್ಕಳು ಬರೆಯುವುದು ಕೇರಳದ ಎಸ್.ಎಸ್.ಎಲ್.ಸಿ. ಅಲ್ಲಿ ಆಂತರಿಕ ಅಂಕಕ್ಕೆ ಸಿ.ಇ. ಎನ್ನುತ್ತಾರೆ. 80 ಅಂಕದ ಪತ್ರಿಕೆಗೆ 20, 40ರ ಪತ್ರಿಕೆಗೆ 10. ಡಿ ಪ್ಲಸ್ ಬಂದರೆ, ಅಂದರೆ ಶೇ 30 ಬಂದರೆ, ಮೇಲಿನ ತರಗತಿಗೆ ಅರ್ಹತೆ. ಸಿ.ಇ. ಪೂರ್ತಿ ಇದ್ದರೆ ಬರವಣಿಗೆಯಲ್ಲಿ ಹತ್ತು ಸಾಕು ಎಂಬ ಸ್ಥಿತಿ ಅಲ್ಲಿಯೂ ಇತ್ತು. ಅದನ್ನು ಕಂಡುಕೊಂಡು ಕೇರಳ ಸರಕಾರ ಬರವಣಿಗೆಯಲ್ಲೇ ಶೇ 30 ಬೇಕು ಎಂಬ ನಿಯಮವನ್ನು 2024-25ರಲ್ಲಿ ಎಂಟನೇ ತರಗತಿಯಿಂದ ಆರಂಭಿಸಿತು, ಒಂದೊಂದು ವರ್ಷಕ್ಕೆ ಒಂದೊಂದು ತರಗತಿಯಂತೆ ಮೇಲಕ್ಕೆ ತರುತ್ತಿದೆ. ಗಡಿಯ ಈಚೆ ನಾವು ಲಿಖಿತದ ಕನಿಷ್ಠವನ್ನು ಬಿಡುತ್ತಿರುವಾಗ ಆಚೆ ಅದನ್ನು ತರುತ್ತಿದ್ದಾರೆ. ಎರಡೂ ಕಡೆ ರೋಗ ಒಂದೇ: ಶಾಲೆಯ ಅಂಕವನ್ನು ಯಾರೂ ನಂಬುತ್ತಿಲ್ಲ.

ನಂಬಿಕೆ ಎಂದೆ. 2021ರ ಜುಲೈಯನ್ನು ನೆನಪು ಮಾಡಿಕೊಳ್ಳಿ. ಕೊರೊನಾದಿಂದ ದ್ವಿತೀಯ ಪಿಯುಸಿ ಪರೀಕ್ಷೆ ರದ್ದಾಗಿತ್ತು. ಮಕ್ಕಳಿಗೆ ಅಂಕ ಎಲ್ಲಿಂದ ತರುವುದು? ಎಸ್.ಎಸ್.ಎಲ್.ಸಿ.ಯ ಅಂಕದಿಂದ ಶೇ 45, ಪ್ರಥಮ ಪಿಯುಸಿಯಿಂದ ಶೇ 45, ದ್ವಿತೀಯ ಪಿಯುಸಿಯ ಕಾಲೇಜಿನ ಆಂತರಿಕದಿಂದ ಶೇ 10. ಮಗು ಆ ಹೊತ್ತಿಗೆ ಕಲಿಯುತ್ತಿದ್ದದ್ದು ದ್ವಿತೀಯ ಪಿಯುಸಿ. ಆ ವರ್ಷ ಅದನ್ನು ಕಂಡ ಅಧ್ಯಾಪಕರ ಮಾತಿಗೆ ಹತ್ತು, ಎರಡು ವರ್ಷ ಹಿಂದೆ ಅದನ್ನು ಎಂದೂ ಕಾಣದವರು ತಿದ್ದಿದ ಉತ್ತರಪತ್ರಿಕೆಗೆ ನಲವತ್ತೈದು! ತರಗತಿಗಳು ಸರಿಯಾಗಿ ನಡೆದಿರಲಿಲ್ಲ, ನಿಜ. ಆದರೂ ಆ ಹತ್ತನ್ನು ನಾನು ಬೇರೆ ರೀತಿಯಲ್ಲಿ ಓದಿದೆ. ಅಧ್ಯಾಪಕರ ಸಹಿಗೆ ನಾಡು ಕಟ್ಟಿದ ಬೆಲೆ ಅದು. ಅದನ್ನು ಅಷ್ಟಕ್ಕೆ ಇಳಿಸಿದವರಲ್ಲಿ ನಾವೂ ಇದ್ದೇವೆ. ಅದೇ ವರ್ಷ ಎಸ್.ಎಸ್.ಎಲ್.ಸಿ. ಮಕ್ಕಳು ಜುಲೈ 19 ಮತ್ತು 22ರಂದು, ಎರಡೇ ದಿನ, ಓಎಂಆರ್ ಹಾಳೆಯಲ್ಲಿ ಉತ್ತರ ಗುರುತು ಮಾಡಿ ಪಾಸಾದರು.

ಇತಿಹಾಸವನ್ನು ಬೇಗ ದಾಟುತ್ತೇನೆ. ವರ್ಷದ ಕೆಲಸಕ್ಕೆ ಅಂಕ ಕೊಡಬೇಕು ಎನ್ನುವುದು ಹೊರಗಿನಿಂದ ಮೊನ್ನೆ ಬಂದ ಫ್ಯಾಶನ್ ಅಲ್ಲ. ರಾಧಾಕೃಷ್ಣನ್ ಅವರ ಅಧ್ಯಕ್ಷತೆಯ ವಿಶ್ವವಿದ್ಯಾಲಯ ಶಿಕ್ಷಣ ಆಯೋಗವು 1949ರಲ್ಲಿಯೇ ಪ್ರತಿ ವಿಷಯದ ಮೂರನೇ ಒಂದು ಪಾಲು ಅಂಕವನ್ನು ತರಗತಿಯ ಕೆಲಸಕ್ಕೆ ಮೀಸಲಿಡಬೇಕೆಂದಿತ್ತು. ಮುದಲಿಯಾರ್ ಆಯೋಗ 1953ರಲ್ಲಿ ಶಾಲೆಯ ದಾಖಲೆಗೆ ಕೊನೆಯ ನಿರ್ಣಯದಲ್ಲಿ ಬೆಲೆ ಸಿಗಬೇಕೆಂದಿತು. 1966ರಲ್ಲಿ ಕೊಠಾರಿ ಆಯೋಗ ಇನ್ನೊಂದು ಸೂಕ್ಷ್ಮ ಮಾತು ಸೇರಿಸಿತು: ಆಂತರಿಕ ಅಂಕವನ್ನೂ ಹೊರಗಿನ ಪರೀಕ್ಷೆಯ ಅಂಕವನ್ನೂ ಬೆರೆಸಬೇಡಿ, ಬೇರೆ ಬೇರೆಯಾಗಿ ತೋರಿಸಿ, ಯಾಕೆಂದರೆ ಅವು ಅಳೆಯುವುದು ಬೇರೆ ಬೇರೆಯನ್ನು. ಮೊಳವನ್ನೂ ಸೇರನ್ನೂ ಕೂಡಿಸಿ ಒಂದು ಉತ್ತರ ಬರೆಯಬಾರದು ಎಂಬಷ್ಟು ಸರಳವಾದ ಮಾತು. ನಾವು ಬೆರೆಸಿದೆವು. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಬಂತು. ಕರ್ನಾಟಕದ ಎಸ್.ಎಸ್.ಎಲ್.ಸಿ.ಯಲ್ಲಿ 80-20ರ ಲೆಕ್ಕ 2015ರ ಪರೀಕ್ಷೆಯಿಂದ ನಡೆದುಬಂತು. ಪ್ರಾಯೋಗಿಕ ಪರೀಕ್ಷೆ ಇಲ್ಲದ ಪಿಯುಸಿ ವಿಷಯಗಳಿಗೂ 2023-24ರಿಂದ 20 ಆಂತರಿಕ ಬಂದಿದೆ. ಹಾಗಾಗಿ ಈ ಮಾತು ಹೈಸ್ಕೂಲಿನದ್ದು ಮಾತ್ರವಲ್ಲ.

ಈಗ ನಮ್ಮ ಜೆಪ್ಪುವಿಗೆ ಬರುತ್ತೇನೆ. 1865ರಲ್ಲಿ ಬಾಸೆಲ್ ಮಿಷನ್ ಇಲ್ಲಿ, ನೇತ್ರಾವತಿಯ ದಂಡೆಯಲ್ಲಿ, ಹಂಚಿನ ಕಾರ್ಖಾನೆ ಶುರುಮಾಡಿತು. ಪ್ಲೆಬ್ಸ್ಟ್ ಎಂಬ ಜರ್ಮನ್ ಮಿಷನರಿ ಈ ಹೊಳೆಬದಿಯ ಆವೆಮಣ್ಣಿನ ಗುಣವನ್ನು ಗುರುತಿಸಿದ. ಆಮೇಲೆ ಮಂಗಳೂರು ಹಂಚು ಸಮುದ್ರ ದಾಟಿ ಹೋಯಿತು. ಈ ಸಭೆಯಲ್ಲಿರುವ ಹಲವರ ಅಜ್ಜ ಅಜ್ಜಿಯರು ಇಂಥ ಕಾರ್ಖಾನೆಗಳಲ್ಲಿ ದುಡಿದವರು. ಹಳೆಯ ಮನೆಯ ಮಾಡು ಬಿಚ್ಚುವಾಗ ಒಂದು ಹಂಚನ್ನು ಮಗುಚಿ ನೋಡಿ. ಹಿಂಬದಿಯಲ್ಲಿ ಕಾರ್ಖಾನೆಯ ಹೆಸರು, ಊರು, ಇಸವಿ ಉಬ್ಬಿ ನಿಂತಿರುತ್ತದೆ. ಮಳೆಗಾಲದಲ್ಲಿ ಸೋರಿದರೆ ಯಾರನ್ನು ಕೇಳಬೇಕು ಎಂಬುದು ಹಂಚಿನ ಬೆನ್ನ ಮೇಲೆಯೇ ಇತ್ತು. ಆ ಮುದ್ರೆ ಬಿದ್ದದ್ದು ಯಾವಾಗ ಎಂಬುದನ್ನು ಯೋಚಿಸಿ. ಮಣ್ಣು ಹಸಿ ಇರುವಾಗ, ಅಚ್ಚಿನಲ್ಲಿ ಒತ್ತುವಾಗ. ಸುಟ್ಟು ಹೊರಬಂದ ಹಂಚಿಗೆ ಮುದ್ರೆ ಒತ್ತಲು ಬರುವುದಿಲ್ಲ.

ಎಫ್‌ಎ ಎಂದರೆ ಹಸಿ ಇರುವಾಗಿನ ಮುದ್ರೆ. ಜುಲೈಯಲ್ಲಿ ಮಗು ನಕ್ಷೆ ಬಿಡಿಸಲು ತಡಕಾಡಿತು ಎಂದು ಗೊತ್ತಾದರೆ ಆಗಸ್ಟಿನಲ್ಲಿ ಕಲಿಸಲು ಆಗುತ್ತದೆ. ರೂಪಣಾತ್ಮಕ ಎಂಬ ಹೆಸರಿನಲ್ಲಿ ರೂಪ ಕೊಡುವ ಮಾತಿದೆ. ಫೆಬ್ರವರಿಯ ಒಂದು ಸಂಜೆ ನಾಲ್ಕೂ ಎಫ್‌ಎಗಳ ಅಂಕವನ್ನು ಒಟ್ಟಿಗೆ ತುಂಬುವಾಗ ನಾವು ಸುಟ್ಟ ಹಂಚಿಗೆ ಮುದ್ರೆ ಒತ್ತುತ್ತಿದ್ದೆವು. ಅದು ಕೂರಲೇ ಇಲ್ಲ.

ಇದನ್ನೆಲ್ಲ ಹೇಳಿ ದೋಷವನ್ನು ಅಧ್ಯಾಪಕರ ತಲೆಗೆ ಕಟ್ಟಿ ಹೋಗುವುದು ಸುಲಭ. ಅದು ನ್ಯಾಯವಲ್ಲ. ಮೂರು ವಿಭಾಗ ತೆಗೆದುಕೊಳ್ಳುವ ಒಬ್ಬ ಅಧ್ಯಾಪಿಕೆಗೆ ವಿಭಾಗಕ್ಕೆ 45 ಮಕ್ಕಳಂತೆ 135 ಮಕ್ಕಳು. ನಾಲ್ಕು ಎಫ್‌ಎ, ಒಂದೊಂದರಲ್ಲಿ ಮೂರು ದಾಖಲೆ. ವರ್ಷಕ್ಕೆ 1,620 ಬಾರಿ ಅವಳು ಒಂದು ಮಗುವಿನ ಕೆಲಸವನ್ನು ನೋಡಿ ಅಂಕ ಹಾಕಬೇಕು. ಅದರ ನಡುವೆ ಬಿಸಿಯೂಟದ ಲೆಕ್ಕ, ಚುನಾವಣೆಯ ಕೆಲಸ, ಸಮೀಕ್ಷೆ, ಸರಕಾರದ ಸ್ಯಾಟ್ಸ್ ತಂತ್ರಾಂಶಕ್ಕೆ ಮಕ್ಕಳ ಮಾಹಿತಿ ತುಂಬುವುದು. ಚಟುವಟಿಕೆ ಎಂದರೆ ಚಾರ್ಟು, ಪ್ರಾಜೆಕ್ಟ್ ಎಂದರೆ ಥರ್ಮಾಕೋಲು ಎಂದಾದದ್ದು ಆ ಅವಸರದಲ್ಲಿ. ಬೀಡಿ ಕಟ್ಟುವ ಒಬ್ಬ ತಾಯಿ ಒಮ್ಮೆ ನನ್ನ ಮನೆಯ ಬಾಗಿಲಿಗೇ ಬಂದು ಕೇಳಿದ್ದರು: "ಸರ್, ಪ್ರಾಜೆಕ್ಟಿಗೆ ಮುನ್ನೂರು ರೂಪಾಯಿ ಬೇಕಂತೆ. ಕೊಡದಿದ್ದರೆ ಮಾರ್ಕು ಕಟ್ ಮಾಡ್ತೀರಾ?" ಆ ಪ್ರಶ್ನೆ ಕೇಳಿದ ಮೇಲೆ ಅಂಗಡಿಯಿಂದ ತಂದ ಒಂದೂ ವಸ್ತು ಬೇಡ ಎಂದು ತರಗತಿಯಲ್ಲಿ ಹೇಳಿದೆ. ನೀರಿನ ಚಟುವಟಿಕೆ ಕೊಟ್ಟದ್ದು ಹಾಗೆ. ಆದರೂ ರಟ್ಟಿನ ಪುಸ್ತಕಗಳು ಬಂದವು, ಆದರೂ ನಾನು ಅವಕ್ಕೆ 15 ಹಾಕಿದೆ. ಅಭ್ಯಾಸಬಲ ಅಷ್ಟು ಗಟ್ಟಿ.

ಮಕ್ಕಳಿಗೆ ಇದೆಲ್ಲ ನಮಗಿಂತ ಮೊದಲು ಗೊತ್ತಾಗುತ್ತದೆ. ಮುಂದಿನ ವರ್ಷದ ತರಗತಿಯಲ್ಲಿ ಚಟುವಟಿಕೆಯ ಮಾತೆತ್ತಿದಾಗ ಹಿಂದಿನ ಬೆಂಚಿನಿಂದ ಒಂದು ಧ್ವನಿ: "ಇಂಟರ್ನಲ್ ಹೇಗೂ ಸಿಕ್ತದಲ್ವಾ ಸರ್?" ಅದರಲ್ಲಿ ಉದ್ಧಟತನ ಇರಲಿಲ್ಲ. ಕಂಡದ್ದನ್ನು ಕೇಳಿದ್ದ ಅಷ್ಟೆ. ಹದಿನೈದು ವರ್ಷದ ಮಗುವಿಗೆ ನಾವು ಕಲಿಸಿದ ಪಾಠ ಅದು: ದೊಡ್ಡವರು ಸಹಿ ಹಾಕುವ ಕಾಗದಕ್ಕೂ ನಡೆದ ಸಂಗತಿಗೂ ಸಂಬಂಧ ಇರಬೇಕಾಗಿಲ್ಲ.

ದಕ್ಷಿಣ ಕನ್ನಡಕ್ಕೆ ಆಂತರಿಕ ಅಂಕದ ಈ ಚರ್ಚೆಯ ಅಗತ್ಯ ಇಲ್ಲ, ನಮ್ಮ ಫಲಿತಾಂಶ ಚೆನ್ನಾಗಿಯೇ ಇದೆ ಎನ್ನುವವರಿದ್ದಾರೆ. 2025ರ ಮೊದಲ ಪರೀಕ್ಷೆಯಲ್ಲಿ ರಾಜ್ಯದ ಫಲಿತಾಂಶ ಶೇ 66.14, ನಮ್ಮ ಜಿಲ್ಲೆ ಶೇ 91.12ರೊಂದಿಗೆ ಮೊದಲು, ಕಲಬುರಗಿ ಶೇ 42.43ರೊಂದಿಗೆ ಕೊನೆ. ಅದರಲ್ಲಿ ಹೆಮ್ಮೆ ಪಡಲು ಇದೆ, ಇಲ್ಲವೆನ್ನುವುದಿಲ್ಲ. ಆದರೆ ಇಲ್ಲಿನ ಮಗುವಿನ ಮನೆಮಾತು ತುಳು, ಕೊಂಕಣಿ, ಬ್ಯಾರಿ. ಶಾಲೆಯಲ್ಲಿ ಪ್ರಥಮ ಭಾಷೆ ಕನ್ನಡ, 125 ಅಂಕದ್ದು. ಬಾಯಿಯಲ್ಲಿ ನಿರರ್ಗಳವಾಗಿ ವಿವರಿಸುವ ಮಗು ಬರೆಯುವಾಗ ಮುಗ್ಗರಿಸುವುದನ್ನು ಇಲ್ಲಿನ ಯಾವ ಅಧ್ಯಾಪಕರನ್ನು ಕೇಳಿದರೂ ಹೇಳುತ್ತಾರೆ. ಅದರ ಮಾತನ್ನು ಕೇಳಿ, ಅದರ ಕೈಕೆಲಸ ನೋಡಿ ಬೆಲೆ ಕಟ್ಟಲು ಇರುವ ಒಂದೇ ಜಾಗ ಆ 25 ಅಂಕ. ಒಳ್ಳೆಯ ಫಲಿತಾಂಶದ ಜಿಲ್ಲೆಯಲ್ಲಿಯೇ ಅದನ್ನು ಮೊದಲು ಸರಿಯಾಗಿ ಬಳಸಬಹುದಿತ್ತು.

ಹಾಗಾದರೆ ಏನು ಮಾಡಬಹುದು? ಲೋಕದಲ್ಲಿ ಬೇರೆಯವರು ಈ ಗಂಟನ್ನು ಬೇರೆ ಬೇರೆ ರೀತಿಯಲ್ಲಿ ಬಿಡಿಸಿದ್ದಾರೆ. ಇಂಗ್ಲೆಂಡಿನಲ್ಲಿ 1988ರ ಜಿಸಿಎಸ್ಇ ಪರೀಕ್ಷೆಯಿಂದ ಮನೆಯಲ್ಲಿ ಮಾಡಿ ತರುವ ಕೆಲಸಕ್ಕೆ ಧಾರಾಳವಾಗಿ ಅಂಕವಿತ್ತು. ಮಾಡುವವರು ಮಕ್ಕಳೋ ತಂದೆ ತಾಯಿಯೋ ಎಂಬ ಅನುಮಾನ ಬೆಳೆದು, 2009ರ ಸುಮಾರಿಗೆ ಅದನ್ನು ತರಗತಿಯೊಳಗೇ ಮೇಲ್ವಿಚಾರಣೆಯಲ್ಲಿ ಮಾಡಿಸತೊಡಗಿದರು. 2015ರಿಂದ ಶುರುವಾದ ಹೊಸ ಪಠ್ಯಕ್ರಮಗಳಲ್ಲಿ ಹೆಚ್ಚಿನ ವಿಷಯಗಳಿಂದ ಅದನ್ನೂ ತೆಗೆದರು. ಸೋರುವ ಹಂಚನ್ನು ತೆಗೆದು ಮಾಡಿಗೆ ಏನನ್ನೂ ಹೊದೆಸದೆ ಬಿಟ್ಟಂತೆ ನನಗೆ ಕಾಣುತ್ತದೆ. ಹಾಂಗ್‌ಕಾಂಗಿನವರು ಲೆಕ್ಕದ ದಾರಿ ಹಿಡಿದರು. ಶಾಲೆ ಕೊಟ್ಟ ಅಂಕವನ್ನು ಅದೇ ಶಾಲೆಯ ಮಕ್ಕಳು ಹೊರಗಿನ ಪರೀಕ್ಷೆಯಲ್ಲಿ ತೆಗೆದದ್ದರೊಂದಿಗೆ ಹೋಲಿಸಿ ಪರೀಕ್ಷಾ ಮಂಡಳಿ ಏರಿಸುತ್ತದೆ ಅಥವಾ ಇಳಿಸುತ್ತದೆ. ಶಾಲೆಯೊಳಗೆ ಯಾರು ಮುಂದೆ, ಯಾರು ಹಿಂದೆ ಎಂಬ ಸಾಲು ಬದಲಾಗುವುದಿಲ್ಲ, ಇಡೀ ಶಾಲೆಯ ಸರಾಸರಿಯೂ ಹರವೂ ಬದಲಾಗುತ್ತವೆ. ಎಲ್ಲರಿಗೂ 20 ಕೊಟ್ಟು ಲಾಭ ಮಾಡಿಕೊಳ್ಳುವ ದಾರಿಯನ್ನು ಅದು ಕಟ್ಟುತ್ತದೆ. ಆದರೆ ನಮ್ಮಲ್ಲಿ ಅದು ಬೇಡ ಎಂದೇ ನನ್ನ ಅಭಿಪ್ರಾಯ. ಬರವಣಿಗೆಯಲ್ಲಿ ಹಿಂದುಳಿದ ಒಂದು ಶಾಲೆಯಲ್ಲಿ ಹೊಳೆಯ ಮೆಟ್ಟಿಲು ಎಣಿಸಿದ ಒಬ್ಬ ಹುಡುಗ ಇದ್ದರೆ, ಸಹಪಾಠಿಗಳ ಬರವಣಿಗೆಯ ಭಾರ ಅವನ ಕೈಕೆಲಸದ ಮೇಲೂ ಬೀಳುತ್ತದೆ. ಪರೀಕ್ಷೆ ಕಾಣದ್ದನ್ನು ಕಾಣಲೆಂದು ಇಟ್ಟ ಅಂಕವನ್ನು ಪುನಃ ಪರೀಕ್ಷೆಯ ಅಳತೆಗೇ ಕತ್ತರಿಸಿದಂತೆ.

ನನ್ನ ಮನಸ್ಸು ನಿಂತದ್ದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ. 1970ರಲ್ಲಿ ರಾಡ್‌ಫರ್ಡ್ ಎಂಬವರ ಸಮಿತಿ ಅಲ್ಲಿ ಹೊರಗಿನ ಪರೀಕ್ಷೆಯನ್ನೇ ತೆಗೆದುಹಾಕಲು ಹೇಳಿತು, ತೆಗೆದರು. ಅದರ ಬದಲಿಗೆ ಬೇರೆ ಬೇರೆ ಶಾಲೆಗಳ ಅಧ್ಯಾಪಕರು ಒಂದೆಡೆ ಸೇರುತ್ತಿದ್ದರು. ಮಕ್ಕಳ ಕೆಲಸದ ಕಡತಗಳನ್ನು ಮೇಜಿನ ಮೇಲಿಟ್ಟು, ಇದಕ್ಕೆ ನೀನು ಈ ದರ್ಜೆ ಯಾಕೆ ಕೊಟ್ಟೆ ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು. ಇದು ಸುಮಾರು ಅರ್ಧ ಶತಮಾನ ನಡೆಯಿತು. 2020ರಿಂದ ಅಲ್ಲಿಯೂ ಹೊರಗಿನ ಪರೀಕ್ಷೆ ಮರಳಿ ಬಂದಿದೆ, ಆದರೆ ಹೆಚ್ಚಿನ ವಿಷಯಗಳಲ್ಲಿ ಅದರ ಪಾಲು ಕಾಲು ಭಾಗ, ಗಣಿತ-ವಿಜ್ಞಾನದಲ್ಲಿ ಅರ್ಧ. ಉಳಿದದ್ದು ಇಂದಿಗೂ ಶಾಲೆಯ ಕೆಲಸವೇ. ಅಲ್ಲಿಯ ಅಧ್ಯಾಪಕರು ನಮಗಿಂತ ಪ್ರಾಮಾಣಿಕರು ಎಂದು ನಾನು ಹೇಳುವುದಿಲ್ಲ. ಅವರು ಹಾಕಿದ ಅಂಕವನ್ನು ಇನ್ನೊಬ್ಬ ಅಧ್ಯಾಪಕ ಬಂದು ನೋಡುತ್ತಿದ್ದ, ಅಷ್ಟೇ ವ್ಯತ್ಯಾಸ. ಸಭೆಯಲ್ಲಿ ನನ್ನ ಬಾಯಿ ಮುಚ್ಚಿಸಿದ 'ಪಕ್ಕದ ಶಾಲೆಯವರು' ಎಂಬ ಮಾತಿಗೆ ಉತ್ತರ ಅಲ್ಲಿದೆ: ಪಕ್ಕದ ಶಾಲೆಯವರನ್ನೇ ಕರೆದು ಮೇಜಿನ ಎದುರು ಕೂರಿಸುವುದು.

ನಮ್ಮಲ್ಲಿ ತಪಾಸಣೆ ಇಲ್ಲವೆಂದಲ್ಲ. ಕಡತ ಇದೆಯೇ, ಸಹಿ ಇದೆಯೇ ಎಂದು ನೋಡಿ ಹೋಗುತ್ತಾರೆ. ನಾನು ಕೇಳುವುದು ಅದಲ್ಲ. ಮಂಗಳೂರು ದಕ್ಷಿಣ ವಲಯದಲ್ಲಿಯೇ ನಾಲ್ಕೈದು ಶಾಲೆಗಳ ಒಂದೊಂದು ವಿಷಯದ ಅಧ್ಯಾಪಕರು ಎಫ್‌ಎ ಮುಗಿದ ಒಂದು ಶನಿವಾರ ಮಧ್ಯಾಹ್ನ ಸೇರಲಿ. ಎಲ್ಲರ ಪುಸ್ತಕ ಬೇಡ, ಶಾಲೆಗೆ ನಾಲ್ಕು ಸಾಕು: ಒಂದು ಚೆನ್ನಾಗಿದ್ದದ್ದು, ಒಂದು ಸಾಧಾರಣ, ಒಂದು ಕಷ್ಟದ್ದು, ಒಂದು ಏನು ಹಾಕಬೇಕೆಂದೇ ತಿಳಿಯದ್ದು. ಮಗುವಿನ ಹೆಸರು ಮುಚ್ಚಿ, ಹಾಕಿದ ಅಂಕ ಮುಚ್ಚಿ ಕೈಯಿಂದ ಕೈಗೆ ದಾಟಿಸಲಿ. ಉತ್ತರಪತ್ರಿಕೆಯ ಮೌಲ್ಯಮಾಪನಕ್ಕೆ ನಾವು ದಿನಗಟ್ಟಲೆ ಒಂದೇ ಸೂರಿನಡಿ ಕುಳಿತು ಕೆಲಸ ಮಾಡಿದವರು. ಒಂದು ಉತ್ತರಕ್ಕೆ ಎರಡು ಅಂಕವೋ ಎರಡೂವರೆಯೋ ಎಂದು ವಾದ ಮಾಡಿ, ಒಮ್ಮತಕ್ಕೆ ಬಂದು, ಊಟಕ್ಕೆ ಎದ್ದವರು. 80 ಅಂಕಕ್ಕೆ ಆಗುವ ಆ ಕೆಲಸ 20 ಅಂಕಕ್ಕೆ ಯಾಕೆ ಆಗಬಾರದು? 12 ಬಂದ ಮಗುವಿಗೆ 12 ಎಂದೇ ಬರೆಯುವ ಧೈರ್ಯ ಒಬ್ಬ ಅಧ್ಯಾಪಕನಿಗೆ ಒಂಟಿಯಾಗಿ ಬರುವುದಿಲ್ಲ. ನಾಲ್ಕು ಶಾಲೆ ಒಟ್ಟಿಗೆ ಬರೆದರೆ ಬರುತ್ತದೆ. ಆ 12 ಜುಲೈಯಲ್ಲಿ ಬಿದ್ದರೆ, ಫೆಬ್ರವರಿಯೊಳಗೆ ಅದನ್ನು 16 ಮಾಡುವ ಕೆಲಸಕ್ಕೂ ಸಮಯ ಸಿಗುತ್ತದೆ. ಆ ಏರಿಕೆ ಮಗುವಿನ ಸ್ವಂತದ್ದು.

ಆ ನೋಟ್‌ಬುಕ್ಕನ್ನು ಹುಡುಗ ವಾಪಸು ಕೊಂಡುಹೋಗಲಿಲ್ಲ. ಕೆಲಸದಿಂದ ನಿವೃತ್ತನಾಗುವಾಗ ಬೀರು ಖಾಲಿ ಮಾಡುತ್ತಿದ್ದಾಗ ಸಿಕ್ಕಿತು. ರಿಜಿಸ್ಟರಿನಲ್ಲಿ ತಿದ್ದಿದ್ದೆ, ಪುಸ್ತಕದಲ್ಲಿ ತಿದ್ದಿರಲಿಲ್ಲ. ಕೆಂಪು ಶಾಯಿಯಲ್ಲಿ 13 ಹಾಗೆಯೇ ಇದೆ. ಖಾಲಿ ಸಾಲಿನ ಎದುರು ನಾನು ಹಾಕಿದ ಪ್ರಶ್ನೆಚಿಹ್ನೆಯೂ ಇದೆ. ಇವತ್ತು ಅದನ್ನು ತಂದಿದ್ದೇನೆ. ಅವನ ಹೆಸರಿನ ಮೇಲೂ ನನ್ನ ಅಂಕದ ಮೇಲೂ ಕಾಗದ ಅಂಟಿಸಿದ್ದೇನೆ. ಈ ಸಭೆಯಲ್ಲಿ ಹೈಸ್ಕೂಲಿನ ಅಧ್ಯಾಪಕರು ಹತ್ತು ಹನ್ನೆರಡು ಮಂದಿಯಾದರೂ ಇದ್ದೀರಿ. ಚಹಾ ಕುಡಿಯುವ ಹೊತ್ತಿಗೆ ಪುಸ್ತಕ ಈ ಮೇಜಿನ ಮೇಲೆ ಇರುತ್ತದೆ, ಪಕ್ಕದಲ್ಲಿ ಚೀಟಿಗಳಿವೆ. ಹದಿನೈದು ದಿನಗಳ ಪಟ್ಟಿಯನ್ನು, ಹನ್ನೊಂದನೇ ಸಾಲನ್ನು ಬಿಡದೆ, ಒಮ್ಮೆ ಓದಿ. ಹದಿನೈದಕ್ಕೆ ನೀವು ಎಷ್ಟು ಕೊಡುತ್ತೀರಿ, ಯಾಕೆ ಎಂದು ಒಬ್ಬರನ್ನೊಬ್ಬರು ಕೇಳದೆ ಬರೆದಿಡಿ. ಎಲ್ಲರೂ ಬರೆದಾದ ಮೇಲೆ ಚೀಟಿಗಳನ್ನು ಒಟ್ಟಿಗೆ ತೆರೆಯೋಣ.